ವಯರಿಗೆ ಹೆಣೆದ ಜಡೆ

“ಆ ಗಾಡಿಯ ಡ್ಯಾಶ್‌ಬೋರ್ಡ್ ಬಿಚ್ಚಬೇಡ ಮಾರಾಯ. ಅದರೊಳಗೆ ಕೈ ಹಾಕುವುದು ಒಳ್ಳೆಯದಲ್ಲ” ಎಂದು ಪುತ್ತುಬ್ಬ ಹೇಳಿದಾಗ ಪ್ರಖ್ಯಾತ್ ನಕ್ಕುಬಿಟ್ಟ.

ಪುತ್ತುಬ್ಬ ಪಕ್ಕದ ಶೆಡ್ಡಿನಲ್ಲಿ ನಲವತ್ತು ವರ್ಷಗಳಿಂದ ಕಾರಿನ ತಗಡು ಬಡಿಯುತ್ತ ಬಂದವನು. ಪ್ರಖ್ಯಾತ್ ಕಾರ್ಕಳದವನು. ಮಣಿಪಾಲದ ಶೋರೂಮೊಂದರಲ್ಲಿ ಎಂಟು ವರ್ಷ ವಯರಿಂಗ್ ಕೆಲಸ ಮಾಡಿ, ಆರು ತಿಂಗಳ ಹಿಂದಷ್ಟೇ ಉಚ್ಚಿಲದ ಹೆದ್ದಾರಿ ಬದಿಯಲ್ಲಿ ಸ್ವಂತ ಗ್ಯಾರೇಜು ತೆರೆದಿದ್ದ. ಆ ಬಿಳಿ ಕಾರಿಗೆ ಮೂವತ್ತರ ಹತ್ತಿರ ವಯಸ್ಸು. ಅದರ ಒಡತಿ ಕಾಪುವಿನ ಮನೋರಮಾ, ನಿವೃತ್ತ ಶಾಲಾ ಶಿಕ್ಷಕಿ. ಓಡುತ್ತಿರುವ ಕಾರು ಇದ್ದಕ್ಕಿದ್ದಂತೆ ಉಸಿರು ನಿಲ್ಲಿಸುತ್ತದೆ, ಲೈಟು, ವೈಪರ್, ಎಂಜಿನ್ ಎಲ್ಲವೂ ಒಟ್ಟಿಗೆ ಸಾಯುತ್ತವೆ, ಒಂದು ನಿಮಿಷದ ನಂತರ ತಾವಾಗಿಯೇ ಎದ್ದು ಕೂರುತ್ತವೆ ಎಂಬುದು ಆಕೆಯ ದೂರು.

ಪುತ್ತುಬ್ಬ ಹಿಂದಿನ ವರ್ಷ ಆ ಕಾರಿನ ತುಕ್ಕು ಹಿಡಿದ ತಳಕ್ಕೆ ವೆಲ್ಡಿಂಗ್ ಮಾಡಿದ್ದ. ಆಗ ಮೂಗಿಗೆ ಅಡರಿದ ನಾತ ಇನ್ನೂ ಮರೆತಿಲ್ಲವೆಂದ. ಅದಾದ ಮೇಲೆ ಆದಿ ಉಡುಪಿಯ ಒಬ್ಬ ಮೆಕ್ಯಾನಿಕ್, ಹೆಜಮಾಡಿಯ ಇನ್ನೊಬ್ಬ ಡ್ಯಾಶ್‌ಬೋರ್ಡ್ ಬಿಚ್ಚಿ ನೋಡಿ, ಏನು ಕಂಡೆವೆಂದೂ ಹೇಳದೆ ಮುಚ್ಚಿ ಕಳುಹಿಸಿದ್ದರಂತೆ. ಅದು ಮಾಟ ಮಾಡಿದ ಗಾಡಿ ಎಂದು ಪುತ್ತುಬ್ಬನ ನಂಬಿಕೆ.

“ಮಾಟ ಇದ್ದರೆ ಮೀಟರ್ ಎಷ್ಟು ವೋಲ್ಟ್ ತೋರಿಸ್ತದೆ ನೋಡುವಾ ಪುತ್ತುಬ್ಬಾಕ” ಎಂದ ಪ್ರಖ್ಯಾತ್.

ಏಪ್ರಿಲ್ ತಿಂಗಳ ಮಧ್ಯಾಹ್ನ. ಮೀನಿನ ಲಾರಿಗಳು ಹೆದ್ದಾರಿಯುದ್ದಕ್ಕೂ ನೀರು ಸುರಿಸುತ್ತ ಹೋಗುತ್ತಿದ್ದವು. ಪ್ರಖ್ಯಾತ್ ಕ್ರಮ ತಪ್ಪುವವನಲ್ಲ. ಬ್ಯಾಟರಿಯ ತುದಿಗಳನ್ನು ಉಜ್ಜಿದ. ಕಾರಿನ ತಗಡಿಗೆ ಕೂರಿಸಿದ ಅರ್ಥ್ ವಯರನ್ನು ಕಳಚಿ ತುಕ್ಕು ಕೆರೆದ. ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ನೋಡಿದ. ಎಲ್ಲವೂ ಸರಿಯಿತ್ತು. ಬಂದುಹೋಗುವ ದೋಷವನ್ನು ಅದು ಬಂದಾಗಲೇ ಹಿಡಿಯಬೇಕು. ಅದಕ್ಕಾಗಿ ಅವನು ಡ್ಯಾಶ್‌ಬೋರ್ಡ್ ಬಿಚ್ಚಿ, ಮೀಟರಿನ ಮೇಲೆ ಕಣ್ಣಿಟ್ಟು, ವಯರುಗಳನ್ನು ಅಲುಗಿಸುತ್ತ ಹೋದ. ಸ್ಟೇರಿಂಗಿನ ಹಿಂದೆ, ಕತ್ತಲಿನಲ್ಲಿ, ತೋಳಿನಷ್ಟು ದಪ್ಪದ ಒಂದು ಕಟ್ಟು ಕೈಗೆ ತಗುಲಿತು. ಮುಟ್ಟಿದೊಡನೆ ಹನ್ನೆರಡೂವರೆ ಇದ್ದ ಅಂಕಿ ನಾಲ್ಕಕ್ಕೆ ಇಳಿಯಿತು. ಕೈ ತೆಗೆದ. ಮೇಲಕ್ಕೇರಿತು. ಮತ್ತೆ ಮುಟ್ಟಿದ. ಇಳಿಯಿತು.

ಸಿಕ್ಕಿತೆಂದು ಅವನಿಗೆ ಖುಷಿಯಾಯಿತು. ಬಿಸಿಗೆ ದೋಷ ಹೆಚ್ಚುತ್ತದೆಯೇ ಎಂದು ನೋಡಲು ಬಿಸಿಗಾಳಿಯ ಯಂತ್ರವನ್ನು ಆ ಕಟ್ಟಿಗೆ ಹಿಡಿದ.

ಬಂದದ್ದು ಪ್ಲಾಸ್ಟಿಕ್ ಸುಡುವ ವಾಸನೆಯಲ್ಲ. ಸುಟ್ಟ ಕೂದಲು, ಅದರಡಿಯಲ್ಲಿ ಹಳಸಿದ ಕೊಬ್ಬು ಕರಗುವ ಸಿಹಿಯಾದ ಗಬ್ಬು ನಾತ. ಅವನು ಕಟ್ಟಿಗೆ ಸುತ್ತಿದ್ದ ಟೇಪು ಬಿಚ್ಚಿದ. ಒಂದು ಸುತ್ತಿನ ಕೆಳಗೆ ಇನ್ನೊಂದು ಸುತ್ತು. ಅದರ ಕೆಳಗೆ ಹಳದಿಗಟ್ಟಿದ ಬಟ್ಟೆ, ಒದ್ದೆಯಾಗಿತ್ತು. ಬಟ್ಟೆಯೊಳಗೆ, ವಯರುಗಳ ನಡುನಡುವೆ ಬಿಗಿಯಾಗಿ ಹೆಣೆದ ಉದ್ದ ಜಡೆ. ಜಡೆಯ ಸಂದುಗಳಲ್ಲಿ ಕತ್ತರಿಸಿದ ಉಗುರುಗಳು. ಕೂದಲು ತಾಗಿದಲ್ಲೆಲ್ಲ ತಾಮ್ರ ಹಸಿರಾಗಿ ಕೊಳೆತು ಲೋಳೆಯಾಗಿತ್ತು.

ಇಕ್ಕಳ ಜಾರಿತು. ಮತ್ತೆ ಜಾರಿತು. ಸಿಟ್ಟುಗೊಂಡು ಬರಿಗೈಯಲ್ಲೇ ಹಿಡಿದೆಳೆದ. ಜಡೆ ಬೆಚ್ಚಗಿತ್ತು. ಒಂದು ಕ್ಷಣ ಅದೂ ಅವನನ್ನು ಒಳಗೆಳೆದ ಹಾಗಾಯಿತು. ಬಳಿಕ ಕೆಸರಿನಿಂದ ಕಾಲು ಕಿತ್ತಂಥ ಶಬ್ದದೊಂದಿಗೆ ಕಳಚಿ ಬಂತು. ಅದನ್ನು ಹಿಂದಿನ ಕಸದ ಗುಂಡಿಗೆಸೆದು, ಸೋಪು ಹಾಕಿ ಮೂರು ಸಲ ಕೈ ತೊಳೆದ. ಹೊಸ ವಯರು ಜೋಡಿಸಿದ. ಕಾಪುವಿನವರೆಗೆ ಹೋಗಿಬಂದರೂ ಕಾರು ಒಮ್ಮೆಯೂ ನಿಲ್ಲಲಿಲ್ಲ.

ಸಂಜೆ ಕಾರು ಒಯ್ಯಲು ಬಂದ ಮನೋರಮಾ ಕಾರಣ ಕೇಳಲಿಲ್ಲ. “ನಿಮ್ಮ ಕೈಯಿಂದಲೇ ತೆಗೆದದ್ದು ಅಲ್ವಾ? ಗ್ಲೌಸ್ ಹಾಕಿರಲಿಲ್ಲ ಅಲ್ವಾ?” ಎಂದಷ್ಟೇ ಕೇಳಿದರು.

ಹೌದೆಂದ. ಆಕೆ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿದರು. ಆ ಮುಖದಲ್ಲಿ ಕಂಡದ್ದು ಸಂತೋಷವೋ ನಾಚಿಕೆಯೋ ಅವನಿಗೆ ತಿಳಿಯಲಿಲ್ಲ.

ಮೂರನೆಯ ದಿನ ಊಟಕ್ಕೆ ಕುಳಿತಾಗ ಬಲಗೈ ಹೆಬ್ಬೆರಳಿನ ಉಗುರಿನಡಿಯಲ್ಲಿ ಒಂದು ಕೂದಲು ಕಂಡಿತು. ಎಳೆದ. ಬಂತು. ಇನ್ನೂ ಬಂತು. ಮೊಳದುದ್ದ ಬಂದರೂ ಮುಗಿಯಲಿಲ್ಲ. ಅದರ ಮೈಗಂಟಿದ ಹಳದಿ ಜಿಡ್ಡು ಅನ್ನದ ಮೇಲೆ ತೊಟ್ಟಿಕ್ಕಿತು. ಅದೇ ನಾತ. ಅವನು ಬಟ್ಟಲಿನಲ್ಲೇ ವಾಂತಿ ಮಾಡಿಕೊಂಡ. ಉಡುಪಿಯ ವೈದ್ಯರೊಬ್ಬರು ಉಗುರು ಕಿತ್ತು, ಯಾವುದೋ ನಾರು ಹೊಕ್ಕಿರಬೇಕೆಂದು ಪಟ್ಟಿ ಕಟ್ಟಿದರು. ಮರುದಿನ ಪಟ್ಟಿ ಬಿಚ್ಚಿದರೆ ಒಳಗೆ ಕಪ್ಪು ಉಂಡೆ, ಒದ್ದೆ, ಬೆಚ್ಚಗೆ. ವಾರದೊಳಗೆ ಹೆಬ್ಬೆರಳು ಬದನೆಯಂತೆ ಊದಿ, ಚರ್ಮದಡಿಯಲ್ಲಿ ಎಳೆಗಳು ಮಣಿಕಟ್ಟಿನ ಕಡೆಗೆ ತೆವಳುವುದು ಕಣ್ಣಿಗೇ ಕಾಣತೊಡಗಿತು. ತನ್ನ ಕೈಯನ್ನು ನೋಡಿದರೇ ಅವನಿಗೆ ಅಸಹ್ಯವಾಗುತ್ತಿತ್ತು. ಮಲಗುವಾಗ ಅದನ್ನು ಮಂಚದಿಂದಾಚೆ ಚಾಚಿಕೊಳ್ಳುತ್ತಿದ್ದ.

ಕಾಪುವಿಗೆ ಹೋದ. ಮನೋರಮಾ ಬಾಗಿಲ ಗ್ರಿಲ್ಲಿನ ಬೀಗ ತೆಗೆಯಲಿಲ್ಲ. ಮಾಟ ಮಾಡಿದ್ದು ತಾನಲ್ಲವೆಂದರು. ಯಾರೋ ತನ್ನ ಗಂಡನಿಗೆಂದು ಕಾರಿನ ಸೀಟಿನಡಿ ಇಟ್ಟದ್ದನ್ನು ಗುಡಿಸುವಾಗ ತಾನೇ ಬರಿಗೈಯಲ್ಲಿ ಹೆಕ್ಕಿದ್ದರು. ಎರಡು ವರ್ಷ ಅನುಭವಿಸಿದರು. ಕೊನೆಗೆ ಒಬ್ಬ ಮಂತ್ರವಾದಿ ದಾರಿ ಹೇಳಿಕೊಟ್ಟ: ಮೈಯಿಂದ ಬಂದದ್ದನ್ನು ಹೆಣೆದು ಇನ್ನೊಬ್ಬರ ಕೈ ತಲುಪುವಲ್ಲಿ ಇಡಬೇಕು. ಬರಿಗೈಯಲ್ಲಿ ಯಾರು ಎತ್ತುತ್ತಾರೋ ಅದು ಅವರದು.

“ನಿಮಗೆ ಅಷ್ಟು ಕಷ್ಟ ಇಲ್ಲ” ಎಂದರು ಆಕೆ, ನೆಲ ನೋಡುತ್ತ. “ದಿನಾ ಬೇರೆಯವರ ಗಾಡಿ ಬರ್ತದಲ್ಲ ನಿಮ್ಮಲ್ಲಿಗೆ.”

ಮರುದಿನ ಬೆಳಿಗ್ಗೆ ಚೈತಾಲಿ ಬಂದಳು. ಮಣಿಪಾಲದ ಆಸ್ಪತ್ರೆಯೊಂದರಲ್ಲಿ ನರ್ಸು, ಪಡುಬಿದ್ರಿಯವಳು. ಕಾರಿನ ಹಾರ್ನ್ ಆಗಾಗ ಸುಮ್ಮನಾಗುತ್ತದೆ ಎಂದಳು. ಫ್ಯೂಸ್ ಎಲ್ಲಿದೆ ತೋರಿಸಿದರೆ ಮುಂದಕ್ಕೆ ತಾನೇ ಬದಲಾಯಿಸುತ್ತೇನೆಂದು ಹೇಳಿ, ಚಾ ಕುಡಿದು ಬರಲು ರಸ್ತೆ ದಾಟಿದಳು.

ಪ್ರಖ್ಯಾತ್ ಒಬ್ಬನೇ ಉಳಿದ. ಹೆಬ್ಬೆರಳಿನಿಂದ ಕಿತ್ತ ಕೂದಲಿನ ಗಂಟು ಜೇಬಿನಲ್ಲಿತ್ತು. ಅದನ್ನು ಟೇಪಿನಲ್ಲಿ ಸುತ್ತಿ ಫ್ಯೂಸ್ ಪೆಟ್ಟಿಗೆಯೊಳಗೆ ತುರುಕಿದ. ಮುಚ್ಚಳ ಹಾಕಿದ.

ಅವಳು ಬಂದಳು. ಬಗ್ಗಿದಳು. ಮುಚ್ಚಳ ತೆಗೆದಳು. “ಇದು ಎಂತ, ಇಲ್ಲಿ ಸುತ್ತಿದ್ದು?” ಎಂದು ಬೆರಳು ಚಾಚಿದಳು.

“ಬೇಡ” ಎಂದ ಪ್ರಖ್ಯಾತ್.

ಅವಳನ್ನು ದೂಡಿದ. ಗಂಟನ್ನು ತಾನೇ ಕಿತ್ತುಕೊಂಡ. ಹೆಬ್ಬೆರಳೊಳಗೆ ಸಾವಿರ ಸೂಜಿ. ಎಳೆಗಳು ಹೆಬ್ಬೆರಳಿನ ಬುಡ ದಾಟಲು ಹವಣಿಸಿದವು. ಓಡಿದ. ಪಕ್ಕದ ಶೆಡ್ಡು. ಪುತ್ತುಬ್ಬ ಕೈಯಂತ್ರದಲ್ಲಿ ತಗಡು ಕತ್ತರಿಸುತ್ತಿದ್ದ. ಪ್ರಖ್ಯಾತ್ ಅವನನ್ನು ಸರಿಸಿದ. ಹೆಬ್ಬೆರಳನ್ನು ಅಲಗಿನಡಿ ಇಟ್ಟ. ಎಡಗೈಯಿಂದ ಹಿಡಿಕೆ ಒತ್ತಿದ.

ಮೊದಲು ರಕ್ತ ಬರಲಿಲ್ಲ. ಕೂದಲು ಬಂತು. ಕಪ್ಪಗೆ, ಲೋಳೆಯೊಂದಿಗೆ, ಸುರುಳಿಸುರುಳಿಯಾಗಿ ನೆಲಕ್ಕೆ ಸುರಿಯಿತು. ಆಮೇಲೆ ರಕ್ತ. ಶುದ್ಧ ಕೆಂಪು ರಕ್ತ. ಅದನ್ನು ನೋಡುತ್ತ ಅವನು ನಕ್ಕ. ಸುಡಬೇಕು, ಮುಟ್ಟಬಾರದು ಎಂದು ಪುತ್ತುಬ್ಬನಿಗೆ ಹೇಳಲು ಬಾಯಿ ತೆರೆದ. ಕಣ್ಣು ಕತ್ತಲಿಟ್ಟಿತು.

ಎಚ್ಚರವಾದಾಗ ಮಣಿಪಾಲದ ವಾರ್ಡು. ಬಲಗೈಗೆ ದಪ್ಪ ಪಟ್ಟಿ. ಅವನು ಬೆರಳುಗಳನ್ನು ಎಣಿಸಿದ. ನಾಲ್ಕು. ಚರ್ಮದಡಿ ಏನೂ ತೆವಳುತ್ತಿರಲಿಲ್ಲ. ಬಹಳ ದಿನಗಳ ನಂತರ ಮೂಗಿಗೆ ಬರೀ ಫಿನೈಲಿನ ವಾಸನೆ ಬಂತು.

ಚೈತಾಲಿ ಮಂಚದ ಪಕ್ಕದಲ್ಲಿ ನಿಂತಿದ್ದಳು. ಅವಳೇ ತನ್ನ ಕಾರಿನಲ್ಲಿ ಕರೆತಂದಿದ್ದಳು. ಬೆರಳು ಉಳಿಸಲು ಆಗಲಿಲ್ಲ, ಪೂರ್ತಿ ಕೊಳೆತಿತ್ತು ಎಂದಳು.

“ಬೆರಳು?” ಪ್ರಖ್ಯಾತ್ ಎದ್ದು ಕೂರಲು ನೋಡಿದ. “ಅದನ್ನು ಇಲ್ಲಿಗೆ ತಂದದ್ದು ಯಾರು?”

“ನಾನೇ. ಬೇಗ ತಂದರೆ ಜೋಡಿಸಲು ಆಗ್ತದೆ ಅಂತ ಐಸಿನಲ್ಲಿ ಹಾಕಿ ತಂದೆ. ಪುತ್ತುಬ್ಬಾಕ ಬೇಡ ಬೇಡ ಅಂತ ಬೊಬ್ಬೆ ಹಾಕಿದರು, ಪಾಪ, ಹೆದರಿದ್ದಿರಬೇಕು. ಆ ಗಡಿಬಿಡಿಯಲ್ಲಿ ಗ್ಲೌಸ್ ಎಲ್ಲಿ ಹುಡುಕುವುದು?”

ಹೇಳುತ್ತ ಅವಳು ಮುಖ ಸಿಂಡರಿಸಿದಳು. ಬಲಗೈಯನ್ನು ಮೂಗಿನ ಬಳಿ ತಂದು ಮೂಸಿದಳು. ನಂತರ ಕಿಟಕಿಯ ಬೆಳಕಿಗೆ ತಿರುಗಿ, ಎಡಗೈಯ ಎರಡು ಬೆರಳುಗಳಿಂದ ಉಗುರಿನ ಸಂದಿನಲ್ಲಿ ಸಿಕ್ಕಿದ ಎಂತದೋ ಎಳೆಯೊಂದನ್ನು ಮೆಲ್ಲಗೆ ಎಳೆಯತೊಡಗಿದಳು.