ಗೂಡಿನ ಬಾಗಿಲು ತೆಗೆದವನು

ಕಾಜಲ್‌ಳನ್ನು ಮೊದಲು ಕಂಡಾಗ ನನ್ನ ಕೈಯಲ್ಲಿ ಕಾಲು ಮುರಿದ ಕೋಳಿ ಇತ್ತು. ಅವಳು ನೋಡಿದ್ದು ಕೋಳಿಯನ್ನು ಮಾತ್ರ.

ಬೆಳಿಗ್ಗೆ ಅದಕ್ಕೆ ನಾಯಿ ಬಾಯಿ ಹಾಕಿತ್ತು. "ಪಾಪ, ಯಾಕ ನರಳಸೂದು, ಸಾರ ಮಾಡೂಣು" ಎಂದು ನಮ್ಮವ್ವ ಉದ್ದವ್ವ ಮಸಾಲೆ ಅರೆಯಲು ಕೂತೇಬಿಟ್ಟಿದ್ದಳು. ಮೊಟ್ಟೆಯಿಡುವ ಕೋಳಿ, ನನಗೆ ಮನಸ್ಸು ಬರಲಿಲ್ಲ. ಪಂಚಾಯಿತಿ ಗೋಡೆಯ ಮೇಲಿದ್ದ ಪಶುಸಖಿಯ ನಂಬರಿಗೆ ಫೋನ್ ಮಾಡಿದೆ. ಊರೂರು ತಿರುಗಿ ಆಡು, ಕೋಳಿಗೆ ಔಷಧಿ ಹಾಕುವವರು ಎಂದರೆ ಯಾರೋ ವಯಸ್ಸಾದ ಅಕ್ಕ ಬರುತ್ತಾರೆ ಅಂದುಕೊಂಡಿದ್ದೆ. ಬಂದವಳು ಸ್ಕೂಟಿ ನಿಲ್ಲಿಸಿ, ಮುಖಕ್ಕೆ ಕಟ್ಟಿದ್ದ ಓಢಣಿ ಬಿಚ್ಚಿದಳು. ನಾನು ಕೋಳಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಅದು ಕಿರುಚಿತು.

"ಕಾಲ ಮುರದದ್ದ ಸಾಲದೇನ್ರಿ? ಕುತಿಗಿನೂ ಹಿಚಕ್ತೀರಿ?"

ಹೆಸರು ಕೇಳಿದೆ. ಕಾಜಲ್ ಎಂದಳು. ಕಣ್ಣಿಗೆ ಕಾಡಿಗೆಯೇ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಒಂದ ಐಸ್‌ಕ್ರೀಮ್ ಕಡ್ಡಿ ಬೇಕು. ಸಿಗತೈತೇನ್ರಿ?"

ಓಡಿ ಹೋಗಿ ಎರಡು ಐಸ್‌ಕ್ಯಾಂಡಿ ತಂದೆ. ಕಡ್ಡಿ ಬೇಕೆಂದರೆ ಕ್ಯಾಂಡಿ ಮುಗಿಸಬೇಕಲ್ಲ, ಒಂದನ್ನು ಅವಳಿಗೆ ಕೊಟ್ಟೆ. "ಲಗೂನ ತಿನ್ರಿ, ಪೇಶೆಂಟ್ ಕಾಯಾಕತ್ತೈತಿ" ಎಂದು ಅವಳು ಕ್ಯಾಂಡಿಯನ್ನು ಕಚ್ಚಿ ಕಚ್ಚಿ ಖಾಲಿ ಮಾಡಿದಳು. ತುಟಿ ಕಿತ್ತಳೆ ಬಣ್ಣವಾಯಿತು. ನನ್ನ ಕ್ಯಾಂಡಿ ಕರಗಿ ಮೊಣಕೈವರೆಗೆ ಇಳಿದರೂ ನನಗೆ ಗೊತ್ತಾಗಲಿಲ್ಲ.

ಗಾಯಕ್ಕೆ ಅರಿಶಿನ ಹಚ್ಚಿ, ಎರಡೂ ಕಡ್ಡಿ ಇಟ್ಟು ಕಾಲಿಗೆ ಬಟ್ಟೆ ಸುತ್ತಿದಳು. ಗಾಯ ಕಂಡರೆ ಉಳಿದವು ಕುಕ್ಕುತ್ತವೆ, ಮನೆಯೊಳಗೆ ಬುಟ್ಟಿಯಲ್ಲಿ ಬೇರೆ ಇಡಿ ಎಂದಳು. ಐಸ್ ತುಂಬಿದ ಫ್ಲಾಸ್ಕಿನಿಂದ ಸಣ್ಣ ಬಾಟಲಿ ತೆಗೆದು ಕೋಳಿಯ ಕಣ್ಣಿಗೆ ಒಂದು ಹನಿ ಕೊಕ್ಕರೆ ರೋಗದ ಲಸಿಕೆ ಬಿಟ್ಟಳು.

"ಉಳಕೀವ ಎಲ್ಲಿ ಅದಾವ?"

"ಮೇಯಾಕ ಹೋಗ್ಯಾವ್ರಿ. ಇಪ್ಪತ್ತೆರಡ ಅದಾವ."

"ನಾಳೆ ಮುಂಜಾನೆ ಏಳಕ್ಕ ಬರತೇನಿ. ನಾ ಬರೂತನಕ ಗೂಡಿನ ಬಾಗ್ಲಾ ತಗೀಬ್ಯಾಡ್ರಿ. ಹೊರಗ ಬಿಟ್ರ ಕೈಗೆ ಸಿಗೂದಿಲ್ಲ, ಬಾಟ್ಲಿ ತಗದ ಮ್ಯಾಲ ಲಸಿಕಿ ಎರಡ ತಾಸಿನ್ಯಾಗ ಕೆಡತೈತಿ."

ಘಟಪ್ರಭಾ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ. ಅವತ್ತು ಸಂಜೆವರೆಗೆ ಒಂದೇ ವಿಚಾರ. ಇಪ್ಪತ್ತೆರಡು ಕೋಳಿ, ಇಪ್ಪತ್ತೆರಡು ಹನಿ, ಅರ್ಧ ತಾಸಿನ ಕೆಲಸ. ಮುಗಿಯಿತು ಎಂದರೆ ಅವಳು ಮತ್ತೆ ತಿಂಗಳುಗಟ್ಟಲೆ ಈ ಕಡೆ ಬರುವುದಿಲ್ಲ. ಅದನ್ನು ನೆನೆದರೆ ಕೂತಲ್ಲಿ ಕೂರಲಾಗಲಿಲ್ಲ.

ಮರುದಿನ ಆರೂವರೆಗೆ ಗೂಡಿನ ಬಾಗಿಲು ತೆಗೆದವನು ನಾನೇ.

"ಅವ್ವ ಮರತ ತಗದಬಿಟ್ಟಾಳ್ರಿ" ಎಂದು ಸುಳ್ಳು ಹೇಳಿದೆ. ನಾವಿಬ್ಬರೂ ಹಿತ್ತಲು, ಬೇಲಿ, ಕಬ್ಬಿನ ಬದು ಸುತ್ತಿ ಓಡಾಡಿದೆವು. ಒಂದೂ ಸಿಗಲಿಲ್ಲ. ಅವಳು ನಕ್ಕು ನಕ್ಕು ಬೇವಿನ ಕಟ್ಟೆಯ ಮೇಲೆ ಕೂತಳು. "ಇನ್ನ ಮುಂದಿನ ಬಾಟ್ಲಿ ಹದಿನೈದ ದಿನಕ್ಕ" ಎಂದಾಗ ನನಗೆ ಲಾಟರಿ ಹೊಡೆದಂತಾಯಿತು. ನಾಚಿಕೆ ಇಲ್ಲದ ಮನುಷ್ಯ ನಾನು, ಅವತ್ತು ಕುಣಿಯುವುದೊಂದು ಬಾಕಿ.

ಆ ಹದಿನೈದು ದಿನದೊಳಗೆ ಕೋಳಿಯ ಕಾಲು ನೋಡಲು ಎರಡು ಸಲ ಬಂದಳು. ಎರಡನೇ ಸಲ ಅವ್ವನನ್ನು ತರಾಟೆಗೆ ತಗೊಂಡಳು. ಅವ್ವ ಸಂತೆಯಿಂದ ಎರಡು ಕೋಳಿ ತಂದು ಸೀದಾ ಹಿಂಡಿಗೆ ಬಿಟ್ಟಿದ್ದಳು.

"ಹೊಸಾ ಕೋಳಿ ಬಂದ್ರ ಮೂರ ವಾರ ಬ್ಯಾರೆ ಕಟ್ಟ್ರಿ ಅಂತ ಬಾಯಿ ನೋಯೂವಂಗ ಹೇಳತೇನಿ ಕಾಕು. ಯಾರ ಕೇಳತೀರಿ?"

ಹೊರಡುವಾಗ ನಮ್ಮ ಕೆಂಪು ಹುಂಜದ ಮುಂದೆ ನಿಂತಳು. "ಏನ ಡೌಲರಿ ಇದರದ್ದು! ಮಾಲಕನಂಗ."

ಅಷ್ಟು ಸಾಕಾಯಿತು. ಹುಂಜದ ಕಾಲು ಕಟ್ಟಿ ಅವಳ ಸ್ಕೂಟಿಯ ಮೇಲೆ ಇಟ್ಟೆ. "ನಿಮ್ಮ ಹ್ಯಾಟಿಗೋಳಿಗೆ ಜೋಡಿ ಆಗಲಿ ತಗೋರ್ರಿ." ಬೇಡ ಎನ್ನಲು ಬಾಯಿ ತೆರೆದಳು. ಆಮೇಲೆ ಓಢಣಿಯನ್ನು ಮುಖಕ್ಕೆ ಎರಡು ಸುತ್ತು ಹೆಚ್ಚಿಗೆ ಸುತ್ತಿಕೊಂಡು ಹೋದಳು.

ನಾಲ್ಕು ದಿನ ಕಳೆದಿರಲಿಲ್ಲ. ಸಂತೆಯ ಕೋಳಿಯೊಂದು ರೆಕ್ಕೆ ಇಳಿಬಿಟ್ಟು ನಿಂತಿತು. ಸಂಜೆಗೆ ಇನ್ನೊಂದು, ಕತ್ತು ತಿರುಚಿಕೊಂಡು ಆಕಾಶ ನೋಡತೊಡಗಿತು. ಕೊಕ್ಕರೆ ರೋಗ. ಅವ್ವ ಈರುಳ್ಳಿ ರಸ ಕುಡಿಸಿದಳು, ಸೆರಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಐದು ದಿನದಲ್ಲಿ ಹಿತ್ತಲು ಖಾಲಿಯಾಯಿತು. ಉಳಿದದ್ದು ಒಳಗೆ ಬುಟ್ಟಿಯಲ್ಲಿದ್ದ ಕುಂಟ ಹ್ಯಾಟೆ ಕೋಳಿ ಒಂದೇ, ಆ ಒಂದು ಹನಿ ಲಸಿಕೆ ಬಿದ್ದದ್ದು.

ಮೊದಲ ಕೋಳಿ ಸತ್ತಾಗಲೇ ಕಾಜಲ್‌ಗೆ ಫೋನ್ ಮಾಡಿದ್ದೆ. ಅವಳ ದನಿ ಬೇರೆ ಯಾರದ್ದೋ ಅನ್ನುವಂತಿತ್ತು.

"ಕೊಯ್ಯಬ್ಯಾಡ್ರಿ, ಮಾರಬ್ಯಾಡ್ರಿ, ಕಾಲುವಿಗೆ ಒಗೀಬ್ಯಾಡ್ರಿ. ಆಳ ತಗ್ಗ ತೋಡಿ ಸುಣ್ಣಾ ಹಾಕಿ ಮುಚ್ಚ್ರಿ."

"ನೀವ ಬರೂದಿಲ್ಲೇನ್ರಿ?"

"ಇಲ್ಲ."

ಆಮೇಲೆ ಫೋನ್ ಎತ್ತಲಿಲ್ಲ. ಒಂದು ವಾರ ಬಿಟ್ಟು, ಟೈರಿಗೆ ಗಾಳಿ ಹಾಕಿಸಲು ಬಂದ ಅವಳ ಊರಿನ ಅಣ್ಣಪ್ಪ ಹೇಳಿದ: "ಪಶುಸಖಿ ಮನೀವ ಹದಿನೈದೂ ಹೋದೂ. ಮೊದಲ ಒಂದ ಕೆಂಪ ಹುಂಜ ಬಿತ್ತಂತ."

ಕೈಯಲ್ಲಿದ್ದ ಪಂಪು ಕೆಳಗೆ ಬಿತ್ತು. ಅಂಗಡಿ ಹಾಗೇ ಬಿಟ್ಟು ಕಾಲುವೆ ದಾಟಿ ಅವಳ ಊರಿಗೆ ಬೈಕ್ ಓಡಿಸಿದೆ. ಅವಳು ಅಂಗಳದಲ್ಲಿ ಸುಣ್ಣ ಎರಚುತ್ತಿದ್ದಳು.

"ಅಲ್ಲೇ ನಿಂದರ್ರಿ! ಒಂದ ಹೆಜ್ಜಿನೂ ಮುಂದ ಇಡಬ್ಯಾಡ್ರಿ. ಚಪ್ಪಲಿಗಿ ಹತ್ತಿನೂ ರೋಗ ಬರತೈತಿ."

"ಕಾಜಲ್ ಅವರ, ನಾ ಒಂದ ಮಾತ ಹೇಳೂದೈತಿ..."

"ಎರಡ ತಿಂಗಳ ನೀವ ಇಲ್ಲಿ ಬರಬ್ಯಾಡ್ರಿ. ನಾ ಅಲ್ಲಿ ಬರೂದಿಲ್ಲ."

ಅವಳ ಕಣ್ಣುಗಳು ಊದಿಕೊಂಡಿದ್ದವು. ನನ್ನ ಮುಖ ನೋಡಲೇ ಇಲ್ಲ. ರೋಗದ ಹುಂಜ ಕೊಟ್ಟವನನ್ನು ಯಾರು ನೋಡುತ್ತಾರೆ ಎಂದುಕೊಂಡು ವಾಪಸು ಬಂದೆ.

ಆ ಎರಡು ತಿಂಗಳು ನಾನು ಒಂದು ಕಡೆ ನಿಂತವನಲ್ಲ. ಸ್ಕೂಟಿ ಸಪ್ಪಳ ಕೇಳಿದರೆ ಎದ್ದು ನಿಲ್ಲುತ್ತಿದ್ದೆ. ಮುಂದಿನ ಟೈರಿನ ಟ್ಯೂಬ್ ಹಿಂದಿನದಕ್ಕೆ ಹಾಕಿ ಬೈಸಿಕೊಂಡೆ. ಕೆಲಸವಿಲ್ಲದೆ ಸಂಕೇಶ್ವರದ ಹೈವೇವರೆಗೆ ಹೋಗಿ, ಒಂದು ಚಹಾ ಕುಡಿದು, ತಿರುಗಿ ಬರುತ್ತಿದ್ದೆ. ಕೋಳಿ ಸತ್ತದ್ದಕ್ಕೆ ಅಳುತ್ತಿದ್ದೆನೋ ಅವಳಿಗಾಗಿ ಅಳುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಎರಡೂ ಇತ್ತು.

"ಹಿಂಗ ತಿರಗಿದ್ರ ಟಾಯರ್ ಸವೀತಾವ. ಆಕಿ ಬರೂದಿಲ್ಲ" ಎಂದು ಅವ್ವ ಛೇಡಿಸುತ್ತಿದ್ದಳು. ಆದರೆ ಅವಳೂ ದಿನಾ ಬೆಳಿಗ್ಗೆ ರೂಢಿಯಂತೆ ಹಿತ್ತಲಿಗೆ ಒಂದು ಹಿಡಿ ಜೋಳ ಎಸೆದು, ಆಮೇಲೆ ನೆನಪಾಗಿ ಸುಮ್ಮನೆ ನಿಂತುಬಿಡುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನಾನು ಮುಖ ತಿರುಗಿಸಿ ಅಂಗಡಿಗೆ ಹೊರಡುತ್ತಿದ್ದೆ. ಗೂಡಿನ ಬಾಗಿಲಿನ ಆ ಸುಳ್ಳು ಅವಳ ಹೆಸರಿನಲ್ಲೇ ಇತ್ತಲ್ಲ.

ಕುಂಟ ಹ್ಯಾಟೆ ನಡೆಯಲು ಕಲಿತಿತು. ಬೇಸಿಗೆ ಮುಗಿಯುವ ಹೊತ್ತಿಗೆ ಖಾಲಿ ಬುಟ್ಟಿಯಲ್ಲಿ ಕಾವಿಗೆ ಕೂತಿತು. ಅಡಿಯಲ್ಲಿ ಮೊಟ್ಟೆಯಿಲ್ಲ, ಎಬ್ಬಿಸಿದರೂ ಏಳುವುದಿಲ್ಲ. ನನಗೆ ಹೇಳದೆ ಅವ್ವ ಫೋನ್ ಮಾಡಿದ್ದಳು.

ಕಾಜಲ್ ಬಂದದ್ದು ಭಾನುವಾರ ಬೆಳಿಗ್ಗೆ. ಬಾಗಿಲಲ್ಲಿ ನಾನಿಟ್ಟಿದ್ದ ಬ್ಲೀಚಿಂಗ್ ನೀರಿನ ತೊಟ್ಟಿಯನ್ನು ನೋಡಿದಳು. ಚಪ್ಪಲಿ ಸಮೇತ ಅದರಲ್ಲಿ ಕಾಲಿಟ್ಟು ನಿಂತಳು. ಕೈಯಲ್ಲಿ ಹೊಟ್ಟು ತುಂಬಿದ ಡಬ್ಬಿ, ಅದರಲ್ಲಿ ಹನ್ನೊಂದು ಮೊಟ್ಟೆ.

"ರೋಗ ಬರಲಾರದ ಊರಾಗಿಂದ ತಂದೇನಿ. ಅಲ್ಲಿನ ಪಶುಸಖಿ ಗೌರಕ್ಕನ ಮನೀವು. ನನ್ನ ಮನ್ಯಾಗ ಕಾವಿಗೆ ಕುಂದ್ರಾಕ ಒಂದೂ ಉಳದಿಲ್ಲ."

ಮುಖ ತಗ್ಗಿಸಿ ಬುಟ್ಟಿಯ ಮುಂದೆ ಕೂತಳು. ನಾನೂ ಕೂತೆ. ಇನ್ನು ತಡೆಯಲಾಗಲಿಲ್ಲ.

"ಅವತ್ತ ಗೂಡಿನ ಬಾಗ್ಲಾ ಅವ್ವ ತಗೀಲಿಲ್ರಿ. ನಾನ ತಗದೆ."

"ಯಾಕ?"

"ನೀವ ಇನ್ನೊಮ್ಮಿ ಬರಲಿ ಅಂತ."

ಬೈಯುತ್ತಾಳೆ, ಡಬ್ಬಿ ಎತ್ತಿಕೊಂಡು ಹೋಗುತ್ತಾಳೆ ಎಂದುಕೊಂಡೆ. ಅವಳು ಒಂದು ಮೊಟ್ಟೆಯನ್ನು ಅಂಗೈಯಲ್ಲಿ ಉಜ್ಜುತ್ತ ಕೂತಳು.

"ನಮ್ಮನಿ ಕೋಳಿಗೆ ಲಸಿಕಿ ಯಾವಾಗ್ಲೂ ಕಡೀಕ. ಮಂದಿ ಮನಿ ಮುಗಸೂದ್ರಾಗ ಬಾಟ್ಲಿ ಮುಗಿತೈತಿ" ಎಂದಳು. "ನಿಮ್ಮ ಹುಂಜಾನ ಮೂರ ವಾರ ಬ್ಯಾರೆ ಕಟ್ಟಬೇಕಿತ್ತು. ಊರ ಮಂದಿಗೆಲ್ಲಾ ಹೇಳಾಕಿ ನಾನ. ನಾ ಅವತ್ತ ಸಂಜಿಕೇ ಬಿಟ್ಟೆ."

"ಯಾಕ್ರಿ?"

"ನಿಮ್ಮನೀದು ಅಂತ. ಅದೊಂದನ್ನ ಕಟ್ಟಿ ಹಾಕಾಕ ಮನಸ ಬರಲಿಲ್ಲ." ಕಣ್ಣೀರು ಮೊಟ್ಟೆಯ ಮೇಲೆ ಬಿತ್ತು. ಓಢಣಿಯ ತುದಿಯಿಂದ ಒರೆಸಿದಳು. "ಸಿಟ್ಟ ನಿಮ್ಮ ಮ್ಯಾಲ ಇರಲಿಲ್ರಿ. ನಿಮಗ ಮಾರಿ ಹೆಂಗ ತೋರಸ್ಲಿ ಅಂತ ತಿಳೀಲಿಲ್ಲ."

ಎರಡು ತಿಂಗಳು ನನ್ನ ಮನಸ್ಸು ಅವಳ ಬಾಗಿಲ ಕಡೆ ಓಡುತ್ತಿತ್ತು, ಅವಳು ನನ್ನಿಂದ ಓಡುತ್ತಿದ್ದಳು. ಇಬ್ಬರದ್ದೂ ತಪ್ಪು ಒಂದೇ ಜಾತಿಯದ್ದು. ಅದು ಗೊತ್ತಾಗಿ ನಗುವೂ ಬಂತು, ಅಳುವೂ ಬಂತು. ಮೊಟ್ಟೆ ತೆಗೆದುಕೊಳ್ಳುವ ನೆಪದಲ್ಲಿ ಅವಳ ಕೈ ಹಿಡಿದೆ. ಬಿಡಿಸಿಕೊಳ್ಳಲಿಲ್ಲ.

"ಎಲಾ ಭೀಮಶಿ!" ಅಡುಗೆಮನೆಯಿಂದ ಅವ್ವನ ದನಿ. "ಬಾಗ್ಲಾ ತಗದಾಂವ ನೀನು, ಹೆಸರ ನಂದೇನ?"

ಸೌಟು ಹಿಡಿದೇ ಹೊರಗೆ ಬಂದಳು. ನನಗೆ ಒಂದೇಟು ಬಿತ್ತು. ಆಮೇಲೆ ಕಣ್ಣೊರೆಸಿಕೊಂಡು ಕೋಳಿಯ ಹತ್ತಿರ ಕೂತಳು. ಹನ್ನೊಂದೂ ಮೊಟ್ಟೆ ಕೋಳಿಯ ಕೆಳಗೆ ಹೋದವು, ಕುಂಟ ಹ್ಯಾಟೆ ರೆಕ್ಕೆ ಅಗಲಿಸಿ ಮುಚ್ಚಿಕೊಂಡಿತು. ನಮ್ಮ ಕಡೆ ಕೋಳಿ ಒಬ್ಬರದ್ದು, ಮೊಟ್ಟೆ ಒಬ್ಬರದ್ದಾದರೆ ಮರಿ ಪಾಲಿಗೆ. ಅವ್ವ ಅದನ್ನೇ ಹೇಳಿದಳು.

"ನೋಡ ತಂಗಿ, ಎಷ್ಟ ಮರಿ ಆದ್ರೂ ಅರ್ಧಾ ನಿಮ್ಮನಿಗೆ, ಅರ್ಧಾ ನಮ್ಮನಿಗೆ."

ಕಾಜಲ್ ಕೋಳಿಯ ಬೆನ್ನು ಸವರುತ್ತಿದ್ದಳು. ಕಿವಿ ಕೆಂಪಾಗಿತ್ತು.

"ಅರ್ಧಾ ಮಾಡೂದು ಎರಡ ಮನಿ ಇದ್ದಾಗ, ಅತ್ತಿ."

ಅವತ್ತಿನವರೆಗೆ ಅವಳು ಅವ್ವನನ್ನು ಚಿಕ್ಕಮ್ಮ ಅನ್ನುವ ಹಾಗೆ ಕಾಕು ಎನ್ನುತ್ತಿದ್ದಳು. ಅವ್ವನ ಕೈಯಲ್ಲಿ ಸೌಟು ಹಾಗೇ ನಿಂತಿತು.

ಮರಿಯಾಗಲು ಇಪ್ಪತ್ತೊಂದು ದಿನ. ಅಷ್ಟರೊಳಗೆ ಅವರ ಮನೆಗೆ ಹೋಗಿ ಅವಳ ಅಪ್ಪ ಬೀರಸಿದ್ದಪ್ಪನ ಹತ್ತಿರ ಮಾತಾಡಿ ಬರುತ್ತೇನೆ ಎಂದಳು ಅವ್ವ. ನಾನು ಬುಟ್ಟಿಯನ್ನು ಹೊಸದಾಗಿ ಸುಣ್ಣ ಬಳಿದ ಗೂಡಿನಲ್ಲಿಟ್ಟು, ಬಾಗಿಲು ಹಾಕಿ, ಚಿಲಕವನ್ನು ಎರಡು ಸಲ ಎಳೆದು ನೋಡಿದೆ.