ಎಂಬತ್ತಾರು ಕಿಲೋ ಸೇಡು

ಮೊದಲನೇ ಡಿಕ್ಕಿಗೇ ಅವನು ಐದು ಹೆಜ್ಜೆ ಹಿಂದಕ್ಕೆ ಹೋಗಿ ಅಂಗಾತ ಬಿದ್ದ.

ಡಿಕ್ಕಿಯ ಅಭ್ಯಾಸಕ್ಕೆಂದು ಎದೆಗೆ ಹಿಡಿದಿದ್ದ ಸ್ಪಂಜಿನ ಪ್ಯಾಡು ಒಂದು ಕಡೆ, ಕನ್ನಡಕ ಇನ್ನೊಂದು ಕಡೆ. ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿದ್ದ ಹುಡುಗಿಯರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವಳು ಮಾತ್ರ ನಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಬಿದ್ದವನನ್ನು ಮೇಲಿನಿಂದ ನೋಡಿದಳು. ಮೂರು ವರ್ಷದಿಂದ ಈ ನೋಟಕ್ಕಾಗಿ ಕಾದಿದ್ದಳು.

"ಪೆಟ್ಟಾಯ್ತಾ ಸಾರ್?"

"ಇಲ್ಲ" ಎಂದು ಅವನು ಕನ್ನಡಕ ಹುಡುಕಿಕೊಂಡು ಎದ್ದ. "ಇನ್ನೊಂದು ಸಲ ಬಾ."

ಬಂದಳು. ಮತ್ತೆ ಬಿದ್ದ. ಅವಳ ಹೊಟ್ಟೆ ತಣ್ಣಗಾಯಿತು... ಆದರೆ ಪೂರ್ತಿ ಅಲ್ಲ!

ತಂಡದಲ್ಲಿ ಎಲ್ಲರೂ ಅವಳನ್ನು ಗೋಡೆ ಎಂದೇ ಕರೆಯುತ್ತಿದ್ದರು. ಆರಡಿ ಎರಡಿಂಚು, ಎಂಬತ್ತಾರು ಕಿಲೋ. ಬಾಸ್ಕೆಟ್ ಕೆಳಗೆ ಒಮ್ಮೆ ಕಾಲೂರಿ ನಿಂತಳೆಂದರೆ ಎದುರಾಳಿಗಳು ಅವಳನ್ನು ಸುತ್ತಿಕೊಂಡು ಹೋಗಬೇಕೇ ಹೊರತು ಸರಿಸಿಕೊಂಡು ಹೋಗುವ ಮಾತೇ ಇರಲಿಲ್ಲ.

ಅವನು ತಂಡದ ಹೊಸ ಆಹಾರತಜ್ಞ. ಆಟಗಾರ್ತಿಯರು ಏನು ತಿನ್ನಬೇಕು, ಎಷ್ಟು ತೂಗಬೇಕು ಎಂದು ಹೇಳುವವನು. ಹಾಗಾಗಿ ಹೋದ ಕಡೆಯೆಲ್ಲ ಅವನಿಗೆ ತಕ್ಕಡಿ ಸಾರ್ ಎಂದೇ ಹೆಸರು. ಅರವತ್ತೆರಡು ಕಿಲೋದ ಆ ಮನುಷ್ಯನಿಗೆ ಪ್ಯಾಡು ಹಿಡಿದು ಡಿಕ್ಕಿ ಹೊಡೆಸಿಕೊಳ್ಳುವ ಹಣೆಬರಹವೇನೂ ಇರಲಿಲ್ಲ. ಆದರೂ ಬಂದ ಮೊದಲ ದಿನವೇ, ಗೋಡೆಯ ಎದುರು ಪ್ಯಾಡು ನಾನೇ ಹಿಡಿಯುತ್ತೇನೆ ಎಂದು ಕೋಚ್ ಮೇಡಂ ಹತ್ತಿರ ಹಟ ಮಾಡಿ ಒಪ್ಪಿಸಿದ್ದ.

ಮೂರು ವರ್ಷದ ಹಿಂದೆ ಇಬ್ಬರೂ ಬೇರೊಂದು ಕ್ಲಬ್ಬಿನಲ್ಲಿದ್ದರು. ಆಗ ಅವಳು ಅವನನ್ನು ಸಾರ್ ಎನ್ನುತ್ತಿರಲಿಲ್ಲ. ಅಭ್ಯಾಸ ಮುಗಿದ ಮೇಲೆ ಕ್ಯಾಂಟೀನಿನ ಕಿಟಕಿ ಪಕ್ಕ ಕೂತು ಇಬ್ಬರೂ ಒಂದೇ ತಟ್ಟೆಯಿಂದ ಹಣ್ಣು ತಿನ್ನುತ್ತಿದ್ದರು. ಪ್ರೀತಿ ಎಂಬ ಮಾತು ಇಬ್ಬರ ನಾಲಗೆಯ ತುದಿಯವರೆಗೂ ಬಂದಿತ್ತು, ಆಚೆ ಬಿದ್ದಿರಲಿಲ್ಲ ಅಷ್ಟೆ.

ಆ ದಿನಗಳಲ್ಲೇ ಅವನು ಕಾಗದದ ಮೇಲೆ ಬರೆದು ತೋರಿಸಿದ. ಹತ್ತು ಕಿಲೋ ಇಳಿಸಿದರೆ ಇನ್ನೂ ಎತ್ತರ ನೆಗೆಯುತ್ತೀಯ, ಇನ್ನೂ ಬೇಗ ಓಡುತ್ತೀಯ, ಮಂಡಿಗಳೂ ಬಹಳ ವರ್ಷ ಬಾಳುತ್ತವೆ ಎಂದ. ಬೇಡ, ನನ್ನ ಆಟ ಇರುವುದೇ ಈ ಮೈಯಲ್ಲಿ ಎಂದು ಅವಳು ಹೇಳಿ ನೋಡಿದಳು. ಅವನಿಗೆ ಕಾಗದದ ಮೇಲೆಯೇ ಕಣ್ಣು. ಕೊನೆಗೆ, ಹೇಳುತ್ತಿರುವವನು ಅವನಲ್ಲವೇ ಎಂದು ಒಪ್ಪಿದಳು. ಅನ್ನ ಬಿಟ್ಟಳು, ಆಮೇಲೆ ರಾತ್ರಿಯ ಊಟವನ್ನೇ ಬಿಟ್ಟಳು. ಪ್ರತಿ ಸೋಮವಾರ ಬೆಳಿಗ್ಗೆ ತೂಕದ ಯಂತ್ರ ಹತ್ತಿ ಇಳಿದು ಅವನ ಮುಖ ನೋಡುತ್ತಿದ್ದಳು. ಅವನು ನಕ್ಕರೆ ಅವಳ ಹಸಿವು ಮರೆತುಹೋಗುತ್ತಿತ್ತು.

ಎಪ್ಪತ್ತಾರಕ್ಕೆ ಇಳಿದಳು. ನಿಜವಾಗಿಯೂ ಎತ್ತರ ನೆಗೆದಳು, ನಿಜವಾಗಿಯೂ ಬೇಗ ಓಡಿದಳು. ಆದರೆ ಕೊಬ್ಬಿನ ಜೊತೆ ತೊಡೆಯ ಕಸುವೂ ಕರಗಿಹೋಗಿತ್ತು. ಫೈನಲ್ ಪಂದ್ಯದಲ್ಲಿ ಎದುರು ತಂಡದ ದಪ್ಪ ಹುಡುಗಿಯೊಬ್ಬಳು ಸೊಂಟದಿಂದ ಒತ್ತಿದಾಗಲೆಲ್ಲ ಇವಳು ಬಾಗಿಲ ಪರದೆಯ ಹಾಗೆ ಪಕ್ಕಕ್ಕೆ ಸರಿದಳು. ತಂಡ ಸೋತಿತು. ಮರುದಿನ ಅವಳನ್ನು ಕೈಬಿಟ್ಟರು.

ಲಾಕರ್ ಖಾಲಿ ಮಾಡುತ್ತಿದ್ದವಳ ಬಳಿ ಮ್ಯಾನೇಜರ್ ಬಂದು ನಿಂತ. ಹೇಳಿದ ಕಸರತ್ತು ಮಾಡದೆ ಬರೀ ಉಪವಾಸ ಬಿದ್ದಳು, ಶಿಸ್ತಿಲ್ಲದ ಹುಡುಗಿ ಎಂದು ನಿನ್ನ ತಕ್ಕಡಿಯೇ ಬರೆದುಕೊಟ್ಟಿದ್ದಾನೆ ಎಂದ. ಅವಳು ನಂಬಲಿಲ್ಲ. ಅವನೇ ಬಂದು ಹೇಳಲಿ ಎಂದು ಸಂಜೆಯವರೆಗೂ ಆ ಬೆಂಚಿನ ಮೇಲೆ ಕೂತಳು. ಅವನು ಬರಲಿಲ್ಲ. ಮರುದಿನವೂ ಬರಲಿಲ್ಲ, ಆ ವಾರವೂ ಬರಲಿಲ್ಲ... ಆಮೇಲೆ ನಂಬಿದಳು.

ಈಗಿನ ಕ್ಲಬ್ಬಿನಲ್ಲಿ ಎರಡು ವರ್ಷ ಬೆವರು ಸುರಿಸಿ ತನ್ನ ಮೈಯನ್ನೂ ಹೆಸರನ್ನೂ ವಾಪಸ್ ಗಳಿಸಿಕೊಂಡಿದ್ದಳು. ಅಷ್ಟರಲ್ಲಿ ಒಂದು ದಿನ ಕೋಚ್ ಮೇಡಂ ಅವಳನ್ನು ಕರೆದು, ಆಹಾರತಜ್ಞನ ಕೆಲಸಕ್ಕೆ ಇಂಥವನು ಬಂದಿದ್ದಾನೆ, ನೀನು ಅವನ ಜೊತೆ ಇದ್ದವಳು, ತೆಗೆದುಕೊಳ್ಳಲೇ ಎಂದು ಕೇಳಿದರು. ಬೇಡ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟು ಸುಲಭವಾಗಿ ಮುಗಿಯುವುದು ಅವಳಿಗೆ ಬೇಕಿರಲಿಲ್ಲ.

"ತಗೊಳ್ಳಿ ಮೇಡಂ. ಕೆಲಸದಲ್ಲಿ ಬಹಳ ಅಚ್ಚುಕಟ್ಟು."

ಅವಳ ಉಪಾಯ ಹೀಗಿತ್ತು. ಎಂಟು ವಾರಕ್ಕೆ ಹಳೆಯ ಕ್ಲಬ್ಬಿನ ಎದುರೇ ಸೆಮಿಫೈನಲ್. ಅಷ್ಟರೊಳಗೆ ಗುಟ್ಟಾಗಿ ತೂಕ ಇಳಿಸುವುದು. ಊಟದ ಪುಸ್ತಕದಲ್ಲಿ ಮಾತ್ರ ಅವನು ಹೇಳಿದ್ದನ್ನೆಲ್ಲ ತಿಂದೆನೆಂದು ಬರೆಯುವುದು. ಪಂದ್ಯದಲ್ಲಿ ಎಲ್ಲರ ಕಣ್ಣೆದುರು ಕುಸಿದು, ಆಮೇಲೆ ಕೋಚ್ ಮೇಡಂ ಎದುರು ತೂಕ ಹಾಕಿಸಿಕೊಳ್ಳುವುದು. ಅವನ ಪಟ್ಟಿಯಂತೆ ತಿಂದೂ ತೂಕ ಇಳಿದಿದೆ ಎಂದರೆ ತಪ್ಪು ಅವನದೇ ಆಗುತ್ತದೆ. ಅದೇ ಆಟಗಾರ್ತಿಯನ್ನು ಎರಡೆರಡು ಸಲ ಕೆಡಿಸಿದವನನ್ನು ಮುಂದೆ ಯಾವ ಕ್ಲಬ್ಬೂ ಹತ್ತಿರ ಸೇರಿಸುವುದಿಲ್ಲ! ತನ್ನ ಆಟವೂ ಜೊತೆಯಲ್ಲೇ ಮುಳುಗಬಹುದು ಎಂದು ಅವಳಿಗೆ ಗೊತ್ತಿತ್ತು. ಮುಳುಗಿದರೆ ಮುಳುಗಲಿ ಎಂದುಕೊಂಡಳು.

ಸೋಮವಾರ ಬೆಳಿಗ್ಗೆ ತೂಕಕ್ಕೆ ಮೊದಲು ಸ್ನಾನದ ಕೋಣೆಯಲ್ಲಿ ನಿಂತು ಎರಡು ಬಾಟಲಿ ನೀರು ಗಟಗಟ ಕುಡಿಯುತ್ತಿದ್ದಳು. ಕಸರತ್ತಿಗೆಂದು ಕಾಲಿಗೆ ಕಟ್ಟುವ ಮರಳು ತುಂಬಿದ ಪಟ್ಟಿಗಳನ್ನು ಸಡಿಲ ಪ್ಯಾಂಟಿನೊಳಗೆ ಬಿಗಿದುಕೊಳ್ಳುತ್ತಿದ್ದಳು. ಯಂತ್ರ ಪಾಪ, ವಾರ ವಾರವೂ ಎಂಬತ್ತಾರನ್ನೇ ತೋರಿಸುತ್ತಿತ್ತು. ಅವನಿಗೆ ನೀರು ಕುಡಿಸಲು ಹೊರಟವಳು ತಾನೇ ನೀರು ಕುಡಿಯುತ್ತಿದ್ದಳು.

ಅವಳು ಇದ್ದದ್ದು ಅಕ್ಕನ ಮನೆಯಲ್ಲಿ. ಹೋದ ಹಾಗೇ ವಾಪಸ್ ಬರುವ ಊಟದ ಡಬ್ಬಿ ಅಕ್ಕನ ಕಣ್ಣಿಗೆ ಬೀಳದೆ ಇರುತ್ತದೆಯೇ? ನಾದಿನಿ ಬಿಟ್ಟ ಮೊಟ್ಟೆಗಳೆಲ್ಲ ತನ್ನ ಪಾಲಿಗೆ ಬರುತ್ತಿವೆ ಎಂದು ಭಾವ ತಮಾಷೆ ಮಾಡಿದರು. ಅಕ್ಕ ನಗಲಿಲ್ಲ.

"ಯಾರ ಮೇಲಿನ ಸಿಟ್ಟನ್ನ ಊಟದ ಮೇಲೆ ತೀರಿಸ್ಕೋತಿದ್ದೀಯೇ?"

ಅವಳು ಕೈ ತೊಳೆದು ಎದ್ದಳು.

ಇತ್ತ ಕೋರ್ಟಿನಲ್ಲಿ ಅವನು ದಿನಾ ಬೀಳುತ್ತಿದ್ದ. ಮೊಣಕೈ ತರಚಿತ್ತು, ಭುಜ ನೀಲಿಗಟ್ಟಿತ್ತು. ಎದ್ದು, ಇನ್ನೊಂದು ಸಲ ಬಾ ಎನ್ನುವುದನ್ನು ಬಿಡಲಿಲ್ಲ. ಒಂದೊಂದು ದಿನ ಅವಳಿಗೆ ಅನುಮಾನ ಬರುತ್ತಿತ್ತು... ಇವನಿಗೆ ಮಾನ ಇಲ್ಲವೇ? ಅಥವಾ ಬೇಕೆಂದೇ ಏಟು ತಿನ್ನುತ್ತಿದ್ದಾನೆಯೇ? ಅವನ ಭುಜದ ಮೇಲೆ ಕಣ್ಣು ನಿಂತಾಗಲೆಲ್ಲ ತನ್ನ ಮೇಲೇ ಸಿಟ್ಟು ಬಂದು, ಮುಂದಿನ ಡಿಕ್ಕಿಯನ್ನು ಇನ್ನೂ ಜೋರಾಗಿ ಕೊಡುತ್ತಿದ್ದಳು.

ಆರನೇ ವಾರದ ಗುರುವಾರ ಅವನು ಬೀಳಲಿಲ್ಲ.

ಎರಡೇ ಹೆಜ್ಜೆ ಹಿಂದೆ ಸರಿದು ನಿಂತುಬಿಟ್ಟ. ಹುಡುಗಿಯರು ಚಪ್ಪಾಳೆ ತಟ್ಟಿದರು, ತಕ್ಕಡಿ ಸಾರ್ ಗಟ್ಟಿಯಾದರು ಎಂದು ಕೂಗಿದರು. ಅವನ ಮುಖ ಮಾತ್ರ ಬಿಳಿಚಿಕೊಂಡಿತ್ತು. ಉಳಿದವರು ನೀರು ಕುಡಿಯಲು ಹೋಗುವವರೆಗೆ ಕಾದು ಹತ್ತಿರ ಬಂದ.

"ಯಂತ್ರ ಎಂಬತ್ತಾರು ಅನ್ನುತ್ತೆ. ನನ್ನ ಎದೆ ಎಂಬತ್ತೆರಡು ಅನ್ನುತ್ತೆ. ಯಾವುದನ್ನ ನಂಬಲಿ?"

ಸಿಕ್ಕಿಬಿದ್ದೆನೆಂದು ಅವಳಿಗೆ ಗೊತ್ತಾಯಿತು. ಆದರೂ ಬಿಟ್ಟುಕೊಡಲಿಲ್ಲ.

"ನಿಮಗೆ ಯಾವಾಗಲೂ ಕಾಗದ ತಾನೇ ಮುಖ್ಯ ಸಾರ್? ಅದನ್ನೇ ನಂಬಿ."

"ಅವತ್ತು ಅದನ್ನೇ ನಂಬಿ ನಿನ್ನ ಮಾತು ಕೇಳಿಸ್ಕೊಳ್ಳಲಿಲ್ಲ. ಅದಕ್ಕೇ ಈ ಸಲ ಪ್ಯಾಡು ಹಿಡಿದೆ" ಎಂದು ಅವನು ಹೊರಟುಹೋದ.

ಅವನು ನೇರ ಕೋಚ್ ಮೇಡಂ ಕೋಣೆಗೆ ಹೋದದ್ದನ್ನು ನೋಡಿದಳು. ದೂರು ಹೇಳಲಿ, ತನ್ನನ್ನು ಹಿಡಿದುಕೊಡಲಿ, ಇವನ ಬುದ್ಧಿಯೇ ಇಷ್ಟು ಎಂದು ಹಲ್ಲು ಕಡಿದಳು.

ಮರುದಿನ ಬೆಳಿಗ್ಗೆ ಕೋಚ್ ಮೇಡಂ ಕರೆಸಿದರು. ಮೇಜಿನ ಮೇಲೆ ಅವನ ರಾಜೀನಾಮೆ ಇತ್ತು. ಅವಳ ತೂಕ ನಾಲ್ಕು ಕಿಲೋ ಇಳಿದಿದೆ, ಊಟದ ಪಟ್ಟಿ ಹಾಕಿದ್ದರಲ್ಲೂ ತೂಕ ನೋಡಿದ್ದರಲ್ಲೂ ತಪ್ಪು ಪೂರ್ತಿ ತನ್ನದು, ಆಟಗಾರ್ತಿಯದು ಏನೂ ಇಲ್ಲ ಎಂದು ಬರೆದಿದ್ದ.

ಮೇಡಂ ಕೆಂಡವಾಗಿದ್ದರು. "ಎರಡನೇ ಸಲ ಇದೇ ಕೆಲಸ! ಸೇರುವಾಗ ಅವನೇ ಹೇಳಿದ್ದ, ಒಬ್ಬ ಹುಡುಗಿಗೆ ಹತ್ತು ಕಿಲೋ ಇಳಿಸಿ ಆಟ ಕೆಡಿಸಿದೆ, ಅವಳ ತಪ್ಪಿಲ್ಲ, ನನ್ನದೇ ಅಂತ ಕ್ಲಬ್ಬಿಗೆ ಬರೆದುಕೊಟ್ಟೆ, ಅದಕ್ಕೇ ನನ್ನ ಕೆಲಸ ಹೋಯ್ತು ಅಂತ. ಆ ಹುಡುಗಿ ನೀನೇ ಅಂತ ನನಗೆ ಆಗಲೇ ಗೊತ್ತಾಯ್ತು. ನೀನೇ ತಗೊಳ್ಳಿ ಅಂದೆಯಲ್ಲ, ಕ್ಷಮಿಸಿದ್ದೀಯ ಅಂದ್ಕೊಂಡೆ."

ಅವಳ ತಪ್ಪಿಲ್ಲ ಎಂದು ಬರೆದುಕೊಟ್ಟಿದ್ದ... ಮ್ಯಾನೇಜರ್ ಅದನ್ನೇ ತಿರುಗಿಸಿ ಹೇಳಿದ್ದ! ಅವಳು ಮೂರು ವರ್ಷ ಕಾದಿದ್ದು ಈಗ ಮೇಜಿನ ಮೇಲೇ ಇತ್ತು. ಇನ್ನು ಸುಮ್ಮನೆ ನಿಂತರೆ ಸಾಕಿತ್ತು, ಅವನು ಮುಗಿದುಹೋಗುತ್ತಿದ್ದ.

ಅವಳು ಚೀಲದಿಂದ ಮರಳಿನ ಪಟ್ಟಿಗಳನ್ನು ತೆಗೆದು ರಾಜೀನಾಮೆಯ ಪಕ್ಕದಲ್ಲಿಟ್ಟಳು. "ಅವರು ನನ್ನನ್ನ ಉಳಿಸೋಕೆ ಸುಳ್ಳು ಬರೆದಿದ್ದಾರೆ ಮೇಡಂ" ಎಂದಳು. ಆಮೇಲೆ ನೀರಿನ ಬಾಟಲಿಯಿಂದ ಊಟದ ಪುಸ್ತಕದವರೆಗೆ ಒಂದನ್ನೂ ಮುಚ್ಚಿಡದೆ ಹೇಳಿದಳು.

ಮೇಡಂ ಪಟ್ಟಿಗಳನ್ನು ಕೈಯಲ್ಲೆತ್ತಿ ತೂಗಿ ನೋಡಿದರು. ಆಮೇಲೆ ರಾಜೀನಾಮೆಯನ್ನು ಹರಿದು ಹಾಕಿದರು. ನಿಮ್ಮಿಬ್ಬರ ಜಗಳಕ್ಕೆ ನನ್ನ ತಂಡವೇ ಸಿಕ್ಕಿತೇ ಎಂದು ಬೈದು, ಸೆಮಿಫೈನಲ್‌ನಲ್ಲಿ ಅವಳು ಆಡುವಂತಿಲ್ಲ ಎಂದರು. ಅವಳು ತಲೆ ಬಗ್ಗಿಸಿ ಕೇಳಿಸಿಕೊಂಡಳು.

ಎರಡು ವಾರ ಕಳೆದು ಒಂದು ಮಧ್ಯಾಹ್ನ ಸೆಮಿಫೈನಲ್ ನಡೆಯಿತು. ಅವಳು ಬೆಂಚಿನ ತುದಿಯಲ್ಲಿ ಕೂತು, ತನ್ನ ಜಾಗದಲ್ಲಿ ಆಡುತ್ತಿದ್ದ ಚಿಕ್ಕ ಹುಡುಗಿಯನ್ನು ಹಳೆಯ ಕ್ಲಬ್ಬಿನವರು ಮತ್ತೆ ಮತ್ತೆ ಪಕ್ಕಕ್ಕೆ ತಳ್ಳುವುದನ್ನು ನೋಡಬೇಕಾಯಿತು. ತಂಡ ನಾಲ್ಕು ಅಂಕದಿಂದ ಸೋತಿತು. ಮುಗಿದ ಮೇಲೆ ಒಬ್ಬೊಬ್ಬರ ಹತ್ತಿರವೂ ಹೋಗಿ, ನನ್ನಿಂದ ಹೀಗಾಯಿತು ಎಂದು ಕ್ಷಮೆ ಕೇಳಿದಳು. ಕೆಲವರು ತಬ್ಬಿಕೊಂಡರು, ಕೆಲವರು ಮುಖ ತಿರುಗಿಸಿದರು.

ಎಲ್ಲರೂ ಒಳಗೆ ಹೋದ ಮೇಲೆ ಅವನು ಬಂದು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತ.

"ಕ್ಲಬ್ಬಿಗೆ ನೀನು ಬರೆದುಕೊಟ್ಟೆ, ಸರಿ. ನನ್ನ ಹತ್ರ ಯಾಕೆ ಬರಲಿಲ್ಲ?" ಎಂದಳು. ಸಿಟ್ಟು ಇನ್ನೂ ಆರಿರಲಿಲ್ಲ. "ನಾನು ಸಂಜೆ ತನಕ ಕಾದೆ, ಗೊತ್ತಾ ನಿನಗೆ?"

"ನಾಚಿಕೆ ಆಯ್ತು. ಕಾಗದದ ಮೇಲೆ ತಪ್ಪು ಒಪ್ಪಿಕೊಳ್ಳೋದು ಸುಲಭ ಇತ್ತು. ನಿನ್ನ ಮುಖ ನೋಡಿ ಹೇಳೋ ಧೈರ್ಯ ಇರಲಿಲ್ಲ."

"ಈಗ ಇದೆಯಾ?"

ಅವನು ಅವಳ ಕಡೆ ಪೂರ್ತಿ ತಿರುಗಿ ಕೂತ. ಕಣ್ಣಲ್ಲಿ ಕಣ್ಣಿಟ್ಟು ಹೇಳಿದ.

"ನೀನು ಹೇಳಿದ್ದೇ ಸರಿ ಇತ್ತು. ನಾನು ಕೇಳಲಿಲ್ಲ. ಅವತ್ತೂ ನಿನ್ನನ್ನ ಪ್ರೀತಿಸ್ತಿದ್ದೆ, ಇವತ್ತೂ ಪ್ರೀತಿಸ್ತೀನಿ."

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ, ನಗಲೂ ಇಲ್ಲ. ನಡುವಿನ ಜಾಗಕ್ಕೆ ಸರಿದು ಕೂತಳು.

"ಇನ್ನೊಂದು ಸಲ ಹೇಳು."

ಹೇಳಿದ.

"ನಾಳೆನೂ ಹೇಳಬೇಕು. ನಾಡಿದ್ದೂ."

"ಎಷ್ಟು ದಿನ?"

"ನನ್ನ ಸಿಟ್ಟು ಇಳಿಯೋ ತನಕ."

"ಇಳಿಯದೇ ಹೋದ್ರೆ?"

"ಹೋದ್ರೆ ಏನು... ಸಾಯೋ ತನಕ ಜೊತೆಗಿದ್ದು ಹೇಳ್ತಾನೇ ಇರು."

ಅವನು ಅವಳ ಕೈ ಹಿಡಿದುಕೊಂಡು, ಮೂರನೇ ಸಲ ಹೇಳತೊಡಗಿದ.