ದೇವರಿಗೊಂದು ತೂತು

"ಮೂರನೇ ಮಹಡಿ, ಲೈಟು!"

ಕೆಳಗಿನಿಂದ ವಿಷಲ್ ಊದಿ ಕೂಗಿದವರು ವಾರ್ಡನ್. ಹಗಲೆಲ್ಲ ಅವರು ಬೀದಿ ಮೂಲೆಯಲ್ಲಿ ಕೂದಲು ಕತ್ತರಿಸುವವರು. ಯುದ್ಧ ಶುರುವಾದ ಮೇಲೆ ಸಂಜೆಯಾದರೆ ಸಾಕು, ಕತ್ತರಿ ಇಟ್ಟು ವಿಷಲ್ ಹಿಡಿಯುತ್ತಾರೆ. ಯಾವ ಮನೆಯ ಬೆಳಕೂ ಹೊರಗೆ ಕಾಣಬಾರದು. ಕಂಡರೆ ಬಾಂಬ್ ಹಾಕುವ ವಿಮಾನಗಳಿಗೆ ಊರು ಗೊತ್ತಾಗಿಬಿಡುತ್ತದೆ.

ಚೂಟಿ ಓಡಿಬಂದಳು. ಕಿಟಕಿಯ ಕಪ್ಪು ಪರದೆಯಲ್ಲಿ ಅಂಗಿ ಗುಂಡಿಯಷ್ಟು ಅಗಲದ ತೂತು. ಅದರ ಹಿಂದೆ ದೀಪ. ದೀಪದ ಪಕ್ಕ ಏನೂ ಅರಿಯದ ಪಾಪದವಳಂತೆ ಅಜ್ಜಿ.

"ಮತ್ತೆ ಕತ್ತರಿ ಹಾಕಿದ್ಯಾ ಅಜ್ಜಿ?"

"ದೇವರು ಬರ್ತಾನೆ ಕಣೇ. ಊರೆಲ್ಲ ಕತ್ತಲೆ. ನಮ್ಮನೆ ಯಾವುದು ಅಂತ ಅವನಿಗೆ ಹೇಗೆ ಗೊತ್ತಾಗ್ಬೇಕು?"

"ದೇವರಿಗೆ ಕತ್ತಲೇಲಿ ಕಣ್ಣು ಕಾಣಲ್ವಾ?"

"ಅವನಿಗೂ ವಯಸ್ಸಾಯ್ತು."

ಚೂಟಿ ದೀಪ ಆರಿಸಿದಳು. ಅಜ್ಜಿಗೆ ಬುದ್ಧಿ ಹೇಳುವುದು ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಮರುದಿನ ಸ್ಕೂಲಿನಲ್ಲಿ ಅವಳ ಮಾನ ಮೂರಾಬಟ್ಟೆಯಾಯಿತು. ವಾರ್ಡನ್ ಮಗ ಅವಳದೇ ಕ್ಲಾಸು. ಬಾಂಬ್ ಬಿದ್ದರೆ ಅದು ಚೂಟಿಯ ಅಜ್ಜಿಯಿಂದಲೇ ಎಂದು ಅವನು ಬೆಂಚು ಬೆಂಚಿಗೂ ಹೋಗಿ ಸಾರಿದ್ದ. ಆಮೇಲೆ ಮಿಸ್, ಎಲ್ಲರೂ ಕಣ್ಣು ಮುಚ್ಚಿ ಶಾಂತಿಗಾಗಿ ಪ್ರಾರ್ಥಿಸಿ ಎಂದರು. ಚೂಟಿ ಒಂದೇ ಕಣ್ಣು ಮುಚ್ಚಿದಳು. ಇನ್ನೊಂದು ಕಣ್ಣಿಗೆ, ವಾರ್ಡನ್ ಮಗ ಪಕ್ಕದವನ ಶಾರ್ಪನರ್ ಜೇಬಿಗಿಳಿಸುವುದು ಕಂಡಿತು. ಆ ಕಡೆಯ ದೇಶದ ಮಕ್ಕಳೂ ಈಗ ಹೀಗೇ ಕಣ್ಣು ಮುಚ್ಚಿರುತ್ತಾರೆ, ದೇವರ ಲೈನು ಬ್ಯುಸಿ ಇರಲೇಬೇಕು ಅಂದುಕೊಂಡಳು.

ಮನೆಗೆ ಬಂದವಳೇ ಸೂಜಿ ದಾರ ತೆಗೆದು, ಕಪ್ಪು ಬಟ್ಟೆಯ ತೇಪೆ ಹಾಕಿ ತೂತನ್ನು ಹೊಲಿದುಬಿಟ್ಟಳು.

ಸಂಜೆ ಅಜ್ಜಿಯ ಬೆರಳು ಪರದೆಯ ಮೇಲೆಲ್ಲ ಓಡಾಡಿ ತೇಪೆಯ ಮೇಲೆ ನಿಂತಿತು. ಬೈಗುಳಕ್ಕೆ ಚೂಟಿ ಕಿವಿ ಗಟ್ಟಿ ಮಾಡಿಕೊಂಡಳು. ಅಜ್ಜಿ ಅವಳನ್ನು ಬೈಯಲಿಲ್ಲ. ದೀಪವನ್ನೂ ಹಚ್ಚದೆ ಕತ್ತಲಲ್ಲೇ ಬೆಂಚಿನ ಮೇಲೆ ಕುಳಿತು ದೇವರನ್ನು ಬೈಯತೊಡಗಿದಳು. ಅವಳ ಪ್ರಾರ್ಥನೆಯೇ ಹಾಗೆ.

"ಯುದ್ಧ ನಿಲ್ಲಿಸು ಅಂತ ದಿನಾ ಬಾಯಿ ಬಡ್ಕೊಳ್ತೀನಿ, ಕಿವುಡನಾ ನೀನು? ಹೋಗ್ಲಿ, ಬೆಳಕಿಲ್ಲ. ತಡಕಾಡ್ಕೊಂಡಾದ್ರೂ ಬಾ. ಮೆಟ್ಟಿಲು ಹತ್ತುವಾಗ ಹುಷಾರು, ನಿನ್ನ ಎಡಮಂಡಿ ಮೊದಲೇ ನೋವು."

ದೇವರಿಗೆ ಮಂಡಿನೋವಾ? ಚೂಟಿಗೆ ನಗು ಉಕ್ಕಿತು. ಆದರೆ ತಟ್ಟನೆ ನೆನಪಾಯಿತು.

ಎಡಮಂಡಿ ನೋವು ಇದ್ದದ್ದು ಅಪ್ಪನಿಗೆ. ಗಡಿಯಲ್ಲಿ ಆ್ಯಂಬುಲೆನ್ಸ್ ಓಡಿಸಲು ಹೋದ ಅಪ್ಪನಿಗೆ. ಅವನ ಫೋನ್ ಬರುವುದು ನಿಂತ ಮೇಲೆ ಅಜ್ಜಿ ಒಮ್ಮೆಯೂ ಮಗನ ಮಾತೆತ್ತಿರಲಿಲ್ಲ. ಎತ್ತಿದ್ದೆಲ್ಲ ದೇವರ ಮಾತು. ಚೂಟಿಗೆ ಅಳು ಬಂತು.

ಅವಳು ಎದ್ದು ಬಾಗಿಲ ಬಳಿ ಹೋದಳು. ದಾರಿಗಡ್ಡ ನಿಂತಿದ್ದ ತನ್ನ ಸೈಕಲನ್ನು ಎಳೆದು ಗೋಡೆಗೆ ಒರಗಿಸಿದಳು.

"ಏನೇ ಅದು ಸದ್ದು?"

"ಸೈಕಲ್ಲು ಅಜ್ಜಿ. ದೇವರು ಬಂದು ಎಡವಿದ್ರೆ ಕಷ್ಟ."

ಅಜ್ಜಿ ಸರಿದು ಕುಳಿತು, ಬೆಂಚಿನಲ್ಲಿ ಅವಳಿಗೂ ಜಾಗ ಮಾಡಿಕೊಟ್ಟಳು.